ಎಡಗಿವಿ, ಅರವತ್ತೆಂಟು

ಅಪ್ಪ ಕಿವಿ ಚುಚ್ಚುತ್ತಿದ್ದ, ನಾನು ಕಿವಿ ತುಂಬುತ್ತೇನೆ.
ಹೀಗಂದರೆ ಚಾಡಿಕೋರರ ಮನೆತನ ಅನ್ನಿಸೀತು;
ಅಲ್ಲ, ಇಬ್ಬರದೂ ಹೊಟ್ಟೆಪಾಡು.
ಸಿಂಧನೂರಲ್ಲಿ, ಗಂಗಾವತಿ ರಸ್ತೆಯ ಟೈರಂಗಡಿ ಮಹಡಿ ಮೇಲೆ
ಗುಲಾಬಿ ಹಿಟ್ಟು ನಾದಿ,
ದಾರ ಕಟ್ಟಿದ ಹತ್ತಿಯುಂಡೆ ಮೊದಲು ಒಳಗಿಟ್ಟು,
ಸಿರಿಂಜಿನಿಂದ ಮೆಲ್ಲಗೆ ಒತ್ತಿ,
ಐದು ನಿಮಿಷ ಮಾತಾಡಬೇಡಿ ಅನ್ನುತ್ತೇನೆ
ಕೇಳಿಸದವರಿಗೆ, ಕೈಸನ್ನೆಯಲ್ಲಿ.
ಗಟ್ಟಿಯಾಗಿ ಹೊರಬರುವುದು ಕಿವಿಯಲ್ಲ,
ಕಿವಿಯೊಳಗೆ ಇಷ್ಟು ದಿನ ಇದ್ದ ಖಾಲಿ.

ಕಂಪನಿಯವರು ಸಿದ್ಧ ಅಚ್ಚು ಕಳಿಸುತ್ತಾರೆ:
ಸಣ್ಣದು, ನಡುವಿನದು, ದೊಡ್ಡದು.
ಜಗತ್ತಿಗೆಲ್ಲ ಮೂರೇ ಕಿವಿ.
ಅದನ್ನು ಹಾಕಿಕೊಂಡ ಹುಸೇನಪ್ಪ ರೊಟ್ಟಿ ಅಗಿದಾಗೆಲ್ಲ
ಸಿಳ್ಳೆ ಹೊಡೆಯುತ್ತಿತ್ತು ಕಿವಿ.
ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಹಿಂತಿರುಗಿ ನೋಡಿದನಂತೆ.
"ನಂದಲ್ರೀ, ಮಿಷಿನ್ದು" ಅಂದನಂತೆ ಇವನು.

ಬರುವವರು ಹೆಚ್ಚಾಗಿ ಅಕ್ಕಿ ಗಿರಣಿಯವರು,
ಬೆಲ್ಟಿನ ಸದ್ದಿಗೆ ಮೂವತ್ತು ವರ್ಷ ಕಿವಿಗೊಟ್ಟವರು.
ಮೂರನೇ ಕ್ಯಾಂಪಿನ ಖಗೇನ್ ಹಾಲ್ದಾರ್,
ತಾಂಡಾದ ಸೋಮ್ಲಿಬಾಯಿ,
ತಂದೆಯ ಕಾಲಕ್ಕೆ ಗೋದಾವರಿ ಕಡೆಯಿಂದ ಬಂದ ವೀರರಾಘವುಲು,
ಎಲ್ಲರೂ ಒಂದೇ ಬೆಂಚಿನಲ್ಲಿ, ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತ.
ಕೆಳಗಿನ ಟೈರಂಗಡಿಯವನಿಗೆ
ಊರವರ ಗುಟ್ಟೆಲ್ಲ ಗೊತ್ತು.

ಹೋದ ಮಾಘದಲ್ಲಿ ಬಂದಳು, ಧಾರವಾಡದಲ್ಲಿ ಓದುವ ಹುಡುಗಿ.
ಕೈಯಲ್ಲಿ ವರ್ನಿಯರ್, ಮಡಿಲಲ್ಲಿ ಫಾರಂ:
ಹೆಸರು, ವಯಸ್ಸು, ಸಮುದಾಯ, ಎಡ, ಬಲ.
ಯಾವ ಜನಕ್ಕೆ ಎಷ್ಟುದ್ದದ ಕಿವಿ, ಗೊತ್ತಾದರೆ
ಅಚ್ಚು ಇನ್ನೂ ನಾಲ್ಕು ಬಗೆ ಮಾಡಬಹುದಂತೆ.
ಸೋಮ್ಲಿಬಾಯಿಯ ಹತ್ತಿರ ಅವಳ ಕೈ ನಿಂತಿತು.
ಬೆಳ್ಳಿ ಜಗ್ಗಿ ಸೀಳಿದ ಹಾಲೆ.
ಕಿವಿ ಎಲ್ಲಿ ಮುಗಿಯಿತು ಅಂತ ಬರೆಯುವುದು?
ಜಗ್ಗಿದ್ದನ್ನು ಸೇರಿಸಿಯೋ, ಬಿಟ್ಟೋ?
"ಎರಡೂ ಬರ್ಕೋ ಯವ್ವಾ" ಅಂದಳು ಮುದುಕಿ,
"ಹುಟ್ಟಿದ ಕಿವಿ ಒಂದು, ಲಗ್ನದ ಕಿವಿ ಒಂದು."

ಹದಿನೈದು ದಿನ, ನೂರಾ ಹನ್ನೆರಡು ಕಿವಿ.
ಕೊನೆಗೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು.
ಕ್ಯಾಂಪಿಗೂ ತಾಂಡಾಕ್ಕೂ ನಡುವೆ
ಸರಾಸರಿ ಒಂದೂವರೆ ಮಿಲಿಮೀಟರ್.
ಹುಸೇನಪ್ಪನ ಎಡಕ್ಕೂ ಬಲಕ್ಕೂ ಮೂರು.
ನಗಬೇಕೋ ಬರೆದಿಡಬೇಕೋ ತಿಳಿಯದೆ
ಪೆನ್ನಿನ ತುದಿ ಕಚ್ಚಿಕೊಂಡು ಕೂತಳು.
ವಯಸ್ಸಾದಂತೆ ಉದ್ದವಾಗುತ್ತದೆ, ಅದೊಂದು ಮಾತ್ರ
ಗೆರೆ ಎಳೆದ ಹಾಗೆ ಕಾಣುತ್ತದೆ ಅಂದಳು.
ಎಂಬತ್ತು ದಾಟಿದವರೊಬ್ಬರು ಕಡಿಮೆ ಬಿದ್ದಿದ್ದರು.

ಮನೆಗೆ ಕರೆದುಕೊಂಡು ಹೋದೆ.
ಅಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ.
ಸಾವಿರಾರು ಹಾಲೆ ಹಿಡಿದ ಬೆರಳು.
ಆಗೆಲ್ಲ ಕ್ಯಾಂಪಿನ ತಾಯಂದಿರು ಕೂಸಿನ ಅಳು ಮುಚ್ಚಲು
ಉಲುಲು ಅಂತ ನಾಲಿಗೆ ಆಡಿಸುತ್ತಿದ್ದರು;
ಅದು ಈಗಲೂ ಕೇಳುತ್ತದೆ ಅನ್ನುತ್ತಾನೆ,
ನಾನು ಕೂಗಿದ್ದು ಕೇಳುವುದಿಲ್ಲ.
ಊರಿಗೆಲ್ಲ ಮಾಡಿಕೊಟ್ಟ ನನ್ನ ಅಚ್ಚು
ಅವನೊಬ್ಬನಿಗೆ ಬೇಡ.

ಎಡಗಿವಿ, ಅರವತ್ತೆಂಟು.
ಬಲದ್ದು ಅರವತ್ತೇಳು ಚಿಲ್ಲರೆ.
ಸಮುದಾಯ? ಅಂತ ಕೂಗಿದಳು, ಸಂಕೋಚದಿಂದ.
"ಪತ್ತಾರ ಅಂತ ಇವ ಬರಸ್ತಾನ.
ನೀ ಕಿವುಡರು ಅಂತ ಬರಿ,
ಭಾಳ ಮಂದಿ ಅದೀವಿ."

ಬರೆದಳೋ ಇಲ್ಲವೋ, ನಾನು ನೋಡಲಿಲ್ಲ.
ವರ್ನಿಯರ್ ಚೀಲಕ್ಕಿಡುವಷ್ಟರಲ್ಲಿ
"ನೋಡ್ಲೇನು ಯವ್ವಾ?" ಅಂದ ಅಪ್ಪ.
ಬಗ್ಗಿದಳು. ಎರಡೂ ಹಾಲೆ ಎರಡೂ ಕೈಯಲ್ಲಿ ಹಿಡಿದು
ಕಣ್ಣು ಮುಚ್ಚಿದ.
"ಯಾರು ಚುಚ್ಚಿದ್ದು? ಬಲದ್ದು
ಒಂದು ಅಕ್ಕಿಕಾಳಿನಷ್ಟು ಮ್ಯಾಲೆ ಹೋಗೈತಿ."

ಇಪ್ಪತ್ನಾಲ್ಕು ವರ್ಷ ಕನ್ನಡಿ ನೋಡಿದವಳು
ನಮ್ಮ ಬೀರುವಿನ ಕನ್ನಡಿ ಮುಂದೆ ನಿಂತು
ತನ್ನ ಕಿವಿಗೇ ವರ್ನಿಯರ್ ಹಿಡಿದಳು.
ಎಷ್ಟು ಬಂತು ಅಂತ ಹೇಳಲಿಲ್ಲ.
ಅಪ್ಪ ಅಷ್ಟರಲ್ಲಿ ಚಹಾ ಕೇಳುತ್ತಿದ್ದ, ಜೋರಾಗಿ,
ನಾವೆಲ್ಲ ಕಿವುಡರೆಂಬಂತೆ.